ಮೂವತ್ತೈದಕ್ಕೆ ಒಂದು ಕಡಿಮೆ

೧೯೭೯ ಜೂನ್ ೧೧, ಸೋಮವಾರ. ತಾಯಲೂರು

ಆದಿಲಕ್ಷ್ಮಿಯನ್ನು ಮಾನಸಿಕ ಆಸ್ಪತ್ರೆಯಿಂದ ಮನೆಗೆ ಕರೆತಂದೆ. ಎಂಟು ತಿಂಗಳ ಮೇಲೆ. ತಲೆಗೂದಲು ಕತ್ತರಿಸಿಬಿಟ್ಟಿದ್ದಾರೆ, ಹೇನಾಗಿತ್ತಂತೆ. ಬೆಂಗಳೂರಿನಿಂದ ಮುಳಬಾಗಿಲಿನವರೆಗೆ ಬಸ್ಸಿನಲ್ಲಿ ಒಂದು ಮಾತಿಲ್ಲ. ಕೋಲಾರದಲ್ಲಿ ಇಡ್ಲಿ ತಂದುಕೊಟ್ಟೆ. ಎಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಳು. ನಾನೇ ಮುರಿದು ತಿನ್ನಿಸಿದೆ. ಎದುರು ಸೀಟಿನವರು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರು. ನಾಚಿಕೆಗೆಟ್ಟವನ ಹಾಗೆ ಅತ್ತುಬಿಟ್ಟೆ. ನನಗಿಂತ ಹದಿನಾರು ವರ್ಷ ಚಿಕ್ಕವಳು, ನಾನೇ ಎತ್ತಿ ಆಡಿಸಿದ ತಂಗಿ. ಮರಳಿನ ಮೇಲೆ ಬೆರಳು ಹಿಡಿದು ಅಕ್ಷರ ತಿದ್ದಿಸಿದವನೂ ನಾನೇ.

ಮೂರು ತಿಂಗಳ ಗಂಡುಮಗು ಜ್ವರದಲ್ಲಿ ತೀರಿಕೊಂಡ ಮೇಲೆ ಹೀಗಾದಳು. ಊಟ ಬಿಟ್ಟಳು, ನಿದ್ದೆ ಬಿಟ್ಟಳು, ಮಾತು ಬಿಟ್ಟಳು. ಅವಳ ಗಂಡ ಮುನಿರಾಮಪ್ಪ ಮಾಲೂರಿನಿಂದ ಆಸ್ಪತ್ರೆಯ ಗೇಟಿಗೆ ಬಂದಿದ್ದ. ಮಾಲೂರಿನ ಸ್ಕೂಲಿನಲ್ಲಿ ನನ್ನ ಶಿಷ್ಯ. ಏಳನೇ ಕ್ಲಾಸಿಗೆ ಎರಡು ಸಲ ಕಟ್ಟಿ ಎರಡು ಸಲವೂ ಡುಮ್ಕಿ ಹೊಡೆದವನು. ತಂಗಿಯನ್ನು ಕೊಟ್ಟು ಒಂಬತ್ತು ವರ್ಷವಾದರೂ ನನ್ನೆದುರು ಕೂರುವುದಿಲ್ಲ. ಇವತ್ತೂ ನಿಂತುಕೊಂಡೇ ಮಾತಾಡಿದ.

'ಭಾವ, ಯುಗಾದಿ ಗಂಟ ನಮ್ಮವ್ವನ್ನ ತಡ್ಕೊಂತೀನಿ. ಅಷ್ಟರಾಗೆ ಗುಣ ಆಗೈತೆ ಅಂತ ನೀವೊಂದು ಮಾತು ಹೇಳಿ ಸಾಕು, ನಾನೇ ಬಂದು ಕರ್ಕೊಂಡೋಗ್ತೀನಿ.'

ಅವನ ತಾಯಿ ಚಿಕ್ಕಗಂಗಮ್ಮ ಶ್ರೀನಿವಾಸಪುರದ ಕಡೆ ಬೇರೆ ಹೆಣ್ಣು ನೋಡಿಟ್ಟಿದ್ದಾಳೆ. ಏಳು ವರ್ಷದ ಮಗಳು ಭಾರತಿ ಅಜ್ಜಿಯ ಜೊತೆಯಲ್ಲಿದ್ದಾಳೆ. ಯುಗಾದಿಗೆ ಇನ್ನು ಒಂಬತ್ತು ತಿಂಗಳು.

ಡಾಕ್ಟರಮ್ಮನಿಗೆ ಮೂವತ್ತು ತುಂಬಿದಂತೆ ಕಾಣದು. ಮಾತ್ರೆ ಒಂದು ಕಡೆ ಇರಲಿ, ದಿನಕ್ಕೆ ಅರ್ಧ ಗಂಟೆ ಪುಸ್ತಕ ಓದಿ ಹೇಳಿ ಎಂದರು. ಚಿಕ್ಕಂದಿನಲ್ಲಿ ಓದುವ ಹುಚ್ಚಿದ್ದವಳು ಎಂದು ನಾನೇ ಅವರಿಗೆ ಹೇಳಿದ್ದೆ. ಪಾಠ ಮಾಡಬೇಡಿ, ಪ್ರಶ್ನೆ ಹಾಕಬೇಡಿ, ಅವರಾಗಿ ಮಾತಾಡಿದರೆ ಕಿವಿಗೊಡಿ, ಅಷ್ಟೆ ಎಂದು ಎರಡು ಸಲ ಒತ್ತಿ ಹೇಳಿದರು. ಊಟ, ನಿದ್ದೆ, ಓದಿದ ಪುಟಗಳ ಲೆಕ್ಕಕ್ಕೆ ಒಂದು ನೋಟುಪುಸ್ತಕ ಇಡಬೇಕಂತೆ. ಅದನ್ನು ಬೇರೆ ಇಡುತ್ತೇನೆ. ಇದು ನನಗಾಗಿ.

ಜೂನ್ ೧೪

ನಮ್ಮ ಶಾಲೆಯ ಪುಸ್ತಕದ ಟ್ರಂಕು ಸಹಶಿಕ್ಷಕ ಕದಿರೇಶನ ಸುಪರ್ದಿನಲ್ಲಿದೆ. ಹುಡುಗುಬುದ್ಧಿಯ ಮನುಷ್ಯ, ಆದರೆ ಟ್ರಂಕಿನಲ್ಲಿರುವ ಪುಸ್ತಕಗಳನ್ನೆಲ್ಲ ಓದಿರುವ ಒಬ್ಬನೇ ಪ್ರಾಣಿ. ಹುಡುಕಿ ಒಂದು ಕಾದಂಬರಿ ಕೊಟ್ಟ. ಕುರಿ ಮೇಯಿಸುವ ಹೆಂಗಸೊಬ್ಬಳು ತಪ್ಪಿಸಿಕೊಂಡ ಮರಿಯನ್ನು ಹುಡುಕುತ್ತ ಏಳು ಊರು ಸುತ್ತುವ ಕಥೆ.

ಅರ್ಧ ಗಂಟೆ ಓದಿದೆ. ಆದಿ ಗೋಡೆ ನೋಡುತ್ತಿದ್ದಳು.

ಜೂನ್ ೨೩

ಗೋಡೆ.

ಜುಲೈ ೨

ಇವತ್ತು ಮಾತಾಡಿದಳು. ಮೂರನೆಯ ಊರಿನಲ್ಲಿ ಆ ಹೆಂಗಸು ಬಾವಿಕಟ್ಟೆಯ ಬಳಿ ಕುಸಿಯುವಲ್ಲಿಗೆ ನಿಲ್ಲಿಸಿ ಪುಸ್ತಕ ಮುಚ್ಚಿದೆ. ಗೋಡೆಯ ಕಡೆಯಿಂದ ಮುಖ ತಿರುಗಿಸದೆಯೇ, 'ತರ್ವಾತ?' ಅಂದಳು.

ಮನೆಯಲ್ಲಿ ನಮ್ಮದು ತೆಲುಗು. ಆಮೇಲೆ ಏನಾಯಿತು ಅಂತ ಕೇಳಿದ್ದು ಅವಳು. ಎಂಟೊಂಬತ್ತು ತಿಂಗಳಲ್ಲಿ ಅವಳ ಬಾಯಿಂದ ಬಂದ ಮೊದಲ ಪ್ರಶ್ನೆ. ಒಳಗೆ ಓಡಿಹೋಗಿ ಹೆಂಡತಿ ಶಾಮಲಳಿಗೆ ಹೇಳಿದೆ. ಅವಳಿಗೆ ಉಬ್ಬಸದ ಮಧ್ಯೆಯೂ ಕಣ್ಣಲ್ಲಿ ನೀರು ಬಂತು. ಇನ್ನೂ ಇಪ್ಪತ್ತು ಪುಟ ಓದಿದೆ. ಇಷ್ಟು ಸಂತೋಷ ನನಗೆ ಹೆಡ್‌ಮೇಷ್ಟ್ರಾಗಿ ಬಡ್ತಿ ಬಂದಾಗಲೂ ಆಗಿರಲಿಲ್ಲ.

ಜುಲೈ ೩೦

ಪುಸ್ತಕವನ್ನು ಈಗ ಅವಳೇ ಹಿಡಿಯುತ್ತಾಳೆ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ತುಟಿ ಆಡಿಸುತ್ತ ಓದುತ್ತಾಳೆ. ನಿನ್ನೆ ಹನ್ನೊಂದು ಪುಟ. ಒಂದು ಕಡೆ ನಕ್ಕಳು. ಯಾವ ಸಾಲಿಗೆ ಎಂದು ಆಮೇಲೆ ಹುಡುಕಿದೆ. ನಗುವಂಥದ್ದು ನನಗೇನೂ ಕಾಣಲಿಲ್ಲ.

ಬೆಳಗ್ಗೆ ತಾನಾಗಿ ಎದ್ದು ರಾಗಿ ಬೀಸಿದಳಂತೆ. ಶಾಮಲಳಿಗೆ ಹಿಟ್ಟಿನ ಧೂಳು ಆಗದು, ಅಷ್ಟರಮಟ್ಟಿಗೆ ಅನುಕೂಲವಾಯಿತು.

ಆಗಸ್ಟ್ ೧೨

ಕಾದಂಬರಿ ಮುಗಿಯಿತು. ಓದಿದಳು ಸರಿ, ಅರ್ಥವಾಗಿದೆಯೇ ಎಂದು ತಿಳಿಯುವ ಬಗೆ ಹೇಗೆ? ಡಾಕ್ಟರಮ್ಮ ಔಷಧಿ ಬಲ್ಲವರು, ಪಾಠ ಮಾಡಿದವರಲ್ಲ. ಇಪ್ಪತ್ಮೂರು ವರ್ಷದ ಸರ್ವೀಸಿನಲ್ಲಿ ಪ್ರಶ್ನೆ ಕೇಳದೆ ಮುಗಿಸಿದ ಪಾಠ ತಲೆಗೆ ಹತ್ತಿದ್ದನ್ನು ನಾನು ಕಂಡಿಲ್ಲ. ಹತ್ತು ಪ್ರಶ್ನೆ, ಒಂದೊಂದಕ್ಕೆ ಹತ್ತು ಅಂಕ. ಬರವಣಿಗೆ ಬೇಡ, ಬಾಯಲ್ಲಿ ಹೇಳಿದರೆ ಸಾಕು ಎಂದೆ. ಅವಳಿಗೂ ಆಟದಂತೆ ಕಂಡಿತೆಂದು ತೋರುತ್ತದೆ, ಕಾಲು ಮಡಚಿ ಎದುರಿಗೆ ಕುಳಿತಳು.

ಏಳನೆಯ ಊರಿನಲ್ಲಿ ಆ ಹೆಂಗಸು ಏನು ಕಲಿತಳು ಎಂದು ಕೇಳಿದೆ. ಛಲ ಬಿಡಬಾರದೆಂಬ ಪಾಠ ಕಲಿತಳು ಎಂದು ಲೇಖಕರೇ ಬಿಡಿಸಿ ಬರೆದಿದ್ದಾರೆ. ಆದಿ ಸ್ವಲ್ಪ ಯೋಚಿಸಿ, 'ಏನೂ ಕಲೀಲಿಲ್ಲಣ್ಣ. ಕಾಲು ನೋಯ್ತಿತ್ತು' ಅಂದಳು.

ನಗು ಬಂತು. ಆದರೆ ಸೊನ್ನೆ ಸೊನ್ನೆಯೇ. ಒಟ್ಟು ಇಪ್ಪತ್ತೆರಡು. ಮೂವತ್ತೈದು ಬಂದರೆ ಪಾಸು, ಪಾಸಾದ ದಿನ ಮಾಲೂರಿಗೆ ಕಾಗದ ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಮುಂದೆ ಒಂದು ಗುರಿ ಇದ್ದರೆ ಮನಸ್ಸು ನೆಟ್ಟಗೆ ನಡೆಯುತ್ತದೆ.

ಆಗಸ್ಟ್ ೨೬

ಎರಡನೆಯ ಪುಸ್ತಕ, ಎರಡನೆಯ ಪರೀಕ್ಷೆ. ಇಪ್ಪತ್ತಾರು. ಉತ್ತರ ಹೇಳುವ ಭರದಲ್ಲಿ ತೆಲುಗಿಗೆ ಜಾರಿಬಿಡುತ್ತಾಳೆ. ಪುಸ್ತಕ ಕನ್ನಡದ್ದು, ಉತ್ತರವೂ ಕನ್ನಡದಲ್ಲೇ ಇರಬೇಕು. ತೆಲುಗಿನಲ್ಲಿ ಹೇಳಿದ್ದಕ್ಕೆ ಇನ್ನು ಮೇಲೆ ಅರ್ಧ ಅಂಕ ಎಂದು ಗೊತ್ತುಮಾಡಿದೆ.

ಕದಿರೇಶನಿಗೆ ಹೇಗೋ ತಿಳಿದಿದೆ. ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಬಂದು ನಿಂತ. 'ಸಾರ್, ಆ ಅಮ್ಮ ಓದ್ತಿರೋದು ಉಸಿರಾಡೋಕೆ. ಅದಕ್ಕೂ ಪಾಸು ಫೇಲು ಅಂದ್ರೆ ಹೆಂಗೆ ಸಾರ್?'

ನಾಲ್ಕನೇ ಕ್ಲಾಸಿನ ಮಗ್ಗಿ ಎಲ್ಲಿಗೆ ಬಂತು ಎಂದು ಕೇಳಿದೆ. ಹೊರಟುಹೋದ. ಅವನ ಕ್ಲಾಸಿನಲ್ಲಿ ಮಕ್ಕಳು ಕಥೆ ಕೇಳಿ ಹಲ್ಲು ಕಿರಿಯುತ್ತವೆ, ಹದಿಮೂರರ ಮಗ್ಗಿ ಒಂದಕ್ಕೂ ಬರುವುದಿಲ್ಲ.

ಸೆಪ್ಟೆಂಬರ್ ೨೦

ಬೆಂಗಳೂರಿಗೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಡಾಕ್ಟರಮ್ಮ ಆದಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿದರು. ಹೊರಗೆ ಬಂದಾಗ ಅವರ ಮುಖ ಅರಳಿತ್ತು. ನನ್ನ ಕೈ ಹಿಡಿದು, ನಮ್ಮಿಂದ ಆಗದ್ದನ್ನು ನೀವು ಮಾಡಿದ್ದೀರಿ ಮೇಷ್ಟ್ರೇ ಅಂದರು. ಸುತ್ತ ನಾಲ್ಕು ಜನ ಚಿಕ್ಕ ಡಾಕ್ಟರುಗಳಿದ್ದರು, ಎಲ್ಲರೂ ಕೇಳಿಸಿಕೊಂಡರು. ಅಂಕಗಳ ವಿಷಯ ಹೇಳಲು ಹೊರಟವನು ಸುಮ್ಮನಾದೆ. ಫಲ ಕಾಣುತ್ತಿರುವಾಗ ವಿಧಾನದ ಚರ್ಚೆ ಏಕೆ?

ಮುನಿರಾಮಪ್ಪನಿಗೆ ಕೊಡಲು ಒಂದು ಕಾಗದ ಬರೆದುಕೊಟ್ಟಿದ್ದಾರೆ. ದೀಪಾವಳಿಗೆ ಹೆಂಡತಿಯನ್ನು ಮನೆಗೆ ಕರೆದುಕೊಂಡು ಹೋಗಬಹುದು, ಮಗಳ ಜೊತೆ ಇರುವುದು ಅವರಿಗೆ ಅಗತ್ಯ ಎಂದಿದೆ. ಅವಸರದ ಕಾಗದ. ಮೂವತ್ತು ಅಂಕ ಕೂಡ ದಾಟದವಳನ್ನು ಹೇಗೆ ಕಳಿಸುವುದು? ಅಲ್ಲಿ ಹೋಗಿ ಮತ್ತೆ ಕೆಟ್ಟರೆ ಹೆಸರು ಯಾರದು ಹೋಗುತ್ತದೆ? ಕಾಗದವನ್ನು ನನ್ನ ಪೆಟ್ಟಿಗೆಯಲ್ಲಿಟ್ಟೆ. ಪಾಸಾಗಲಿ, ಎರಡನ್ನೂ ಒಟ್ಟಿಗೆ ಕಳಿಸಿದರಾಯಿತು.

ಅಕ್ಟೋಬರ್ ೨೩

ದೀಪಾವಳಿ ಕಳೆಯಿತು. ಮಾಲೂರಿನಿಂದ ಯಾರೂ ಬರಲಿಲ್ಲ. ಎಣ್ಣೆ ನೀರು ಹಾಕಿಕೊಂಡು, ಒಳ್ಳೆಯ ಸೀರೆ ಉಟ್ಟು, ಆದಿ ಮಧ್ಯಾಹ್ನದ ಮುಳಬಾಗಿಲು ಬಸ್ಸು ಬರುವವರೆಗೆ ಜಗಲಿಯ ಮೇಲಿದ್ದಳು. ಡಾಕ್ಟರಮ್ಮ ಅವಳಿಗೂ ದೀಪಾವಳಿ ಎಂದು ಹೇಳಿಬಿಟ್ಟಿದ್ದಾರೆ ಎಂದು ಆಗ ಗೊತ್ತಾಯಿತು. ಇಲ್ಲದ ಆಸೆ ಹುಟ್ಟಿಸುವುದು ವೈದ್ಯರಿಗೆ ತಕ್ಕದ್ದಲ್ಲ.

ಶಾಮಲ ಸಂಜೆ ಕೇಳಿದಳು, ಇವಳು ಹೊರಟುಹೋದರೆ ನೀರು, ಬೀಸುವುದು, ಹಸುವಿನ ಕೆಲಸ ಯಾರು ಮಾಡುವವರು ಎಂದು. ಅದು ಬೇರೆ, ಇದು ಬೇರೆ ಎಂದು ಗದರಿದೆ. ಆದರೆ ಅವಳು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಈ ವರ್ಷ ಶಾಮಲಳ ಉಬ್ಬಸ ಎಷ್ಟೋ ವಾಸಿ.

ನವೆಂಬರ್ ೪

ಇವತ್ತು ಬಿಗಿಯಾಗಬೇಕಾಯಿತು. ಈಗ ಓದುತ್ತಿರುವುದು ಒಬ್ಬ ಸೊಸೆಯ ಕಥೆ. ಅತ್ತೆಮನೆಯ ಕಾಟ ತಾಳದೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಟುಬಿಡುತ್ತಾಳೆ. ಇನ್ನು ನಲವತ್ತು ಪುಟ ಉಳಿದಿತ್ತು. ನಡುವೆ ಒಂದು ಚಿಕ್ಕ ಪರೀಕ್ಷೆ ಇಟ್ಟೆ. ಆ ಸೊಸೆ ಮನೆ ಬಿಟ್ಟದ್ದು ಸರಿಯೇ ಎಂದು ಕೇಳಿದ್ದಕ್ಕೆ ಆದಿ ಹಿಂದುಮುಂದು ನೋಡದೆ ಸರಿ ಅಂದಳು. ಯೋಚಿಸಿ ಹೇಳು ಎಂದೆ. ಯೋಚನೆ ಮಾಡೇ ಹೇಳ್ತಿದೀನಿ ಅಂದಳು.

ಪುಸ್ತಕವನ್ನು ತೆಗೆದುಕೊಂಡೆ. ಸರಿಯಾದ ಉತ್ತರ ತೋಚುವವರೆಗೆ ಉಳಿದ ಪುಟಗಳಿಲ್ಲ ಎಂದೆ. ಮೊದಲು ತಮಾಷೆ ಎಂದುಕೊಂಡಳು. ಆಮೇಲೆ ಕೈ ಮುಗಿದಳು. 'ಆ ಮಗು ಬದುಕ್ತದಾ ಇಲ್ವಾ ಅಷ್ಟು ಹೇಳು ಸಾಕು, ಪುಸ್ತಕ ನೀನೇ ಇಟ್ಕೋ.'

ಹೇಳಲಿಲ್ಲ. ಹೇಳಿದ್ದರೆ ಶಿಕ್ಷೆಗೆ ಅರ್ಥವೇನು? ತುಂಬ ಹೊತ್ತು ಅತ್ತಳು. ಜೂನ್‌ನಲ್ಲಿ ಅಳುವುದಕ್ಕೂ ಶಕ್ತಿಯಿಲ್ಲದವಳು ಈಗ ಅಳುತ್ತಾಳೆ ಎಂದರೆ ಅದೂ ಸುಧಾರಣೆಯೇ. ಡಾಕ್ಟರಮ್ಮನ ನೋಟುಪುಸ್ತಕದಲ್ಲಿ ಹಾಗೆಯೇ ಬರೆದೆ.

ನವೆಂಬರ್ ೭

ನೀರಿಗೆ ಹೋದವಳು ಕೊಡವನ್ನು ಶಾಲೆಯ ಬಾಗಿಲಲ್ಲಿಟ್ಟು ಕದಿರೇಶನನ್ನು ಕಥೆಯ ಕೊನೆ ಕೇಳಿದಳಂತೆ. ಅವನು ಪೂರ್ತಿ ಹೇಳಿ ಕಳಿಸಿದ್ದಾನೆ. ಮಗು ಬದುಕುತ್ತದೆ.

ಟ್ರಂಕಿನ ಬೀಗದ ಕೈಯನ್ನು ಅವನಿಂದ ಇಸಿದುಕೊಂಡೆ.

ನವೆಂಬರ್ ೨೫, ಭಾನುವಾರ. ಕೋಲಾರ

ಶಿಕ್ಷಕರ ಸಮ್ಮೇಳನದಲ್ಲಿ ನನ್ನ ಭಾಷಣ. ವಿಷಯ, ಓದಿನಿಂದ ಮನೋರೋಗ ಪರಿಹಾರ. ಇನ್ಸ್‌ಪೆಕ್ಟರ್ ಸಾಹೇಬರೇ ಸೂಚಿಸಿದ್ದು. ಬರೀ ಮಾತಾದರೆ ಯಾರೂ ನಂಬುವುದಿಲ್ಲ, ಪ್ರಾತ್ಯಕ್ಷಿಕೆ ಇರಬೇಕು ಎಂದಿದ್ದರು. ಆದಿಗೆ ಶಾಮಲಳ ಜರತಾರಿ ಸೀರೆ ಉಡಿಸಿ ಕರೆದುಕೊಂಡು ಹೋದೆ. ಇನ್ನೂರು ಜನಕ್ಕೆ ಕಡಿಮೆಯಿರಲಿಲ್ಲ. ವೇದಿಕೆಯ ಮೇಲೆ ಸ್ಟೂಲು ಹಾಕಿ ಕೂರಿಸಿದೆವು. ಮೊದಲಿನ ಎಂಟು ಪ್ರಶ್ನೆಗೆ ಅಚ್ಚುಕಟ್ಟಾಗಿ ಉತ್ತರ ಹೇಳಿದಳು, ಮೂರು ಸಲ ಚಪ್ಪಾಳೆ ಬಿತ್ತು.

ಹಿಂದಿನ ಸಾಲಿನ ಒಬ್ಬ ಮೇಷ್ಟ್ರು ಎದ್ದು, ಹುಚ್ಚು ಹಿಡಿದಿದ್ದಾಗ ಈಯಮ್ಮ ಏನು ಮಾಡುತ್ತಿದ್ದರು, ಅದನ್ನು ಅವರ ಬಾಯಿಂದಲೇ ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ ಎಂದ. ಸಭೆಯಲ್ಲಿ ಕೆಲವರು ನಕ್ಕರು. ತಡೆಯಬಹುದಿತ್ತು. ವಿಜ್ಞಾನದ ದೃಷ್ಟಿಯಿಂದ ಪ್ರಶ್ನೆ ಸರಿಯಾಗಿತ್ತು, ಇನ್ಸ್‌ಪೆಕ್ಟರರೂ ತಲೆಯಾಡಿಸಿದರು. ಹೇಳಮ್ಮ ಎಂದೆ.

ಆದಿ ನನ್ನ ಮುಖ ನೋಡಿದಳು. ಆಮೇಲೆ ಸಭೆಗೆ ಹೇಳಿದಳು. 'ಮಗು ಸತ್ತೋಗಿತ್ತು. ನಾನು ಎತ್ಕೊಂಡಿದ್ದೆ. ಕೊಡು ಕೊಡು ಅಂದ್ರು. ಇಯ್ಯಲೇದು. ಒಂದು ದಿನ ಎತ್ಕೊಂಡೇ ಇದ್ದೆ. ಅದನ್ನೇ ಹುಚ್ಚು ಅಂದ್ರು.'

ಕೊಡಲಿಲ್ಲ ಎನ್ನುವ ಮಾತು ತೆಲುಗಿನಲ್ಲಿ ಬಂದಿತ್ತು, ಸಭೆಯಲ್ಲಿ ಅದು ಅರ್ಥವಾಗದವರು ಇರಲಿಲ್ಲ. ಚಪ್ಪಾಳೆ ಬೀಳಲಿಲ್ಲ. ಹೆಂಗಸು ಟೀಚರುಗಳು ಸೆರಗು ಕಣ್ಣಿಗೆ ಒತ್ತಿಕೊಂಡರು. ಕಾರ್ಯಕ್ರಮದ ಕಳೆಯೇ ಹೋಯಿತು. ನಾನು ಮುಂದಿನ ಪ್ರಶ್ನೆ ಕೇಳಿ ಸಭೆಯನ್ನು ಹಳಿಗೆ ತಂದೆ. ಅಷ್ಟರಲ್ಲಿ ಇನ್ಸ್‌ಪೆಕ್ಟರರು ಎದ್ದು, ಸುಬ್ಬರಾಯಪ್ಪನವರು ತಂಗಿಗೆ ಮರುಜನ್ಮ ಕೊಟ್ಟಿದ್ದಾರೆ, ಏಪ್ರಿಲ್‌ನಲ್ಲಿ ಮುಳಬಾಗಿಲಿನಲ್ಲೂ ಇದೇ ಕಾರ್ಯಕ್ರಮ ಇಡೋಣ ಎಂದು ಘೋಷಿಸಿದರು. ಹಾರ ಹಾಕಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಆ ಉತ್ತರದ ಬಗ್ಗೆ ತಿಳಿಹೇಳಿದೆ. ಕೇಳಿದ್ದು ರೋಗಲಕ್ಷಣ, ಹೇಳಿದ್ದು ಬೇರೇನೋ. ಅಂಕ ಕೊಡಲು ಬರುವುದಿಲ್ಲ ಎಂದೆ. ಅವಳು ಕಿಟಕಿಯ ಕಡೆ ತಿರುಗಿದ್ದಳು.

೧೯೮೦ ಜನವರಿ ೨೦, ಭಾನುವಾರ

ಮುನಿರಾಮಪ್ಪ ಹೇಳದೆ ಕೇಳದೆ ಬಂದ, ಮಗಳನ್ನೂ ಕರೆತಂದ. ಭಾರತಿ ಮೊದಲು ತಾಯಿಯ ಹತ್ತಿರ ಹೋಗಲಿಲ್ಲ, ಅಪ್ಪನ ಪಂಚೆ ಹಿಡಿದುಕೊಂಡು ನಿಂತಿತು. ಆದಿ ಎಳೆದಾಡಲಿಲ್ಲ. ಮೂಲೆಯಲ್ಲಿ ಕುಳಿತು ಓದುತ್ತಿದ್ದ ಪುಸ್ತಕವನ್ನೇ ಗಟ್ಟಿಯಾಗಿ ಓದತೊಡಗಿದಳು. ಕನ್ನಡದ ಸಾಲು ಕಣ್ಣಲ್ಲಿ, ತೆಲುಗು ಬಾಯಲ್ಲಿ. ಹಂಸದ ಪಾತ್ರ ಬಂದರೆ ಕೊಕ್ಕರೆಯ ದನಿ, ರಾಜ ಬಂದರೆ ಊರಿನ ಪಟೇಲರ ದನಿ. ಮಗು ಒಂದೊಂದೇ ಹೆಜ್ಜೆ ಸರಿದು ಸರಿದು ಕೊನೆಗೆ ತೊಡೆಯ ಮೇಲೆ ಬಂದು ಕುಳಿತುಬಿಟ್ಟಿತು. ಬಾಗಿಲಲ್ಲಿ ನಿಂತಿದ್ದ ಮುನಿರಾಮಪ್ಪ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡ.

ಅವನನ್ನು ಹಿತ್ತಿಲಿಗೆ ಕರೆದುಕೊಂಡು ಹೋದೆ. ಅಲ್ಲಿ ಕೇಳಿದ. 'ಚೆನ್ನಾಗವ್ಳಲ್ಲ ಭಾವ. ಮೊದಲಿನಂಗೇ ಅವ್ಳೆ. ಕರ್ಕೊಂಡೋಗ್ಲಾ?'

ಪ್ರಾಮಾಣಿಕನಾಗಿರುವುದು ನನ್ನ ಕರ್ತವ್ಯ. ಅಂಕದ ಪುಸ್ತಕ ತಂದು ತೋರಿಸಿದೆ. ಇಪ್ಪತ್ತೆರಡು, ಇಪ್ಪತ್ತಾರು, ಇಪ್ಪತ್ತೊಂಬತ್ತು, ಇಪ್ಪತ್ತೇಳು, ಮೂವತ್ತೊಂದು. ಒಂದೊಂದರ ಕೆಳಗೂ ಕೆಂಪು ಗೆರೆ. ಅವನು ಪುಸ್ತಕವನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ತನ್ನ ಹಳೆಯ ಫಲಿತಾಂಶವನ್ನೇ ನೋಡುವ ಹುಡುಗನಂತೆ ಮುಖ ಸಣ್ಣದಾಯಿತು. ಡಾಕ್ಟರು ಏನಂತಾರೆ ಎಂದು ಕೇಳಿದ. ಡಾಕ್ಟರು ದಿನಕ್ಕೆ ನೂರು ಜನರನ್ನು ನೋಡುವವರು, ನಾನು ದಿನಾ ಇವಳೊಬ್ಬಳನ್ನೇ ನೋಡುವವನು ಎಂದೆ.

'ನನ್ನ ಕಣ್ಣಿಗೆ ಚೆನ್ನಾಗೇ ಕಾಣ್ತಾಳೆ. ಆದ್ರೆ ನಂದೇನು ಕಣ್ಣು ಬಿಡಿ, ಫೇಲಾದೋನ ಕಣ್ಣು. ನೀವು ಹೇಳಿದ ಮೇಲೆ ಮುಗೀತು.'

ಅವನಿಗೆ ಆಗಲೂ ಇದೇ ಗುಣವಿತ್ತು. ಫೇಲು ಎಂದರೆ ಒಪ್ಪಿಕೊಳ್ಳುತ್ತಿದ್ದ, ಒಮ್ಮೆಯೂ ಪೇಪರು ಮತ್ತೆ ನೋಡಿ ಸಾರ್ ಎನ್ನಲಿಲ್ಲ.

ಹೊರಡುವಾಗ ಆದಿ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವನು ತಲೆಯೆತ್ತಲಿಲ್ಲ. ಭಾರತಿಯನ್ನು ಅವಳ ಕೈಯಿಂದ ಬಿಡಿಸಲು ಶಾಮಲ ಹೋಗಬೇಕಾಯಿತು. ನನಗೂ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ನಾಲ್ಕು ಅಂಕದ ಮಾತು, ಯುಗಾದಿಗೆ ಇನ್ನೂ ಎರಡು ತಿಂಗಳಿದೆ ಎಂದು ಸಮಾಧಾನ ಹೇಳಿದೆ.

ಫೆಬ್ರವರಿ ೧೦

ಈಗ ಓದುವ ಪರಿಯೇ ಬೇರೆ. ಒಲೆಯ ಮುಂದೆ ಪುಸ್ತಕ, ಹಸುವಿನ ಕೊಟ್ಟಿಗೆಯಲ್ಲಿ ಪುಸ್ತಕ. ನಗುವುದಿಲ್ಲ, ಆಮೇಲೆ ಏನು ಎಂದು ಕೇಳುವುದಿಲ್ಲ. ಸಾಲುಗಳನ್ನು ಮಣಮಣ ಬಾಯಿಪಾಠ ಮಾಡುತ್ತಾಳೆ. ನಾನು ಅಂದುಕೊಂಡಿದ್ದ ಶಿಸ್ತು ಇಂಥದ್ದೇ. ಪರೀಕ್ಷೆ ಇಡು, ನಾಳೆಯೇ ಇಡು ಎಂದು ಅವಳೇ ಬೆನ್ನು ಹತ್ತಿದ್ದಾಳೆ.

ಮಾರ್ಚ್ ೯

ಯುಗಾದಿಗೆ ಎಂಟು ದಿನ. ಇವತ್ತಿನ ಪರೀಕ್ಷೆಯಲ್ಲಿ ಮೂವತ್ತನಾಲ್ಕು.

ಒಂಬತ್ತು ಪ್ರಶ್ನೆ ಮುಗಿಯುವಾಗಲೇ ಮೂವತ್ತನಾಲ್ಕಾಗಿತ್ತು. ಕಥೆಯಲ್ಲಿ ಒಬ್ಬ ಅಣ್ಣ ತನ್ನ ಪಾಲಿನ ಹೊಲ ಮಾರಿ ತಂಗಿಯನ್ನು ಓದಿಸುತ್ತಾನೆ. ಅಣ್ಣನ ಸ್ವಭಾವವನ್ನು ವರ್ಣಿಸು ಎಂದು ಹತ್ತನೆಯದನ್ನು ಕೇಳಿದೆ. ತ್ಯಾಗಿ ಎಂದಿದ್ದರೂ ಒಂದು ಅಂಕ ಬೀಳುತ್ತಿತ್ತು. ಆದಿ ಅಷ್ಟು ಹೊತ್ತೂ ಕಲಿತದ್ದನ್ನು ಒಪ್ಪಿಸಿದವಳು ಇಲ್ಲಿ ನಿಂತುಬಿಟ್ಟಳು. ಆಮೇಲೆ, ಅವನು ಒಳ್ಳೆಯವನು, ಆದರೆ ತಂಗಿಗೆ ಏನು ಬೇಕು ಅಂತ ಒಂದು ದಿನವೂ ಕೇಳಲಿಲ್ಲ ಅಂದಳು. ಪುಸ್ತಕದಲ್ಲಿ ಎಲ್ಲಿಯೂ ಅಂಥ ಮಾತಿಲ್ಲ. ಸೊನ್ನೆ ಹಾಕಿದೆ.

ನಾನು ಕೂಡಿ ಬರೆಯುವುದನ್ನು ನೋಡುತ್ತ ಕುಳಿತಿದ್ದಳು. 'ಅಣ್ಣ, ಒಂದೇ ಒಂದು. ನನ್ ಮಗಳ ಹತ್ರ ಹೋಗ್ತೀನಿ. ಒಂದು ಹಾಕು.'

ಕೈ ಒಂದು ಗಳಿಗೆ ನಿಂತಿತು. ಒಂದು ಹಾಕಿದ್ದರೆ ಯಾರಿಗೆ ತಿಳಿಯುತ್ತಿತ್ತು? ನನಗೆ ತಿಳಿಯುತ್ತಿತ್ತು. ಸ್ವಂತ ತಂಗಿ ಎಂದು ಹಾಕಿದರೆ, ಹಿಂದೆ ಮೂವತ್ತನಾಲ್ಕಕ್ಕೇ ನಿಂತು ಓದು ಬಿಟ್ಟ ಎಷ್ಟೋ ಹುಡುಗರಿಗೆ ನಾನು ಏನು ಉತ್ತರ ಹೇಳಲಿ? ಹಾಕಲಿಲ್ಲ. ಏಪ್ರಿಲ್‌ನ ಕಾರ್ಯಕ್ರಮಕ್ಕೂ ಇದಕ್ಕೂ ಸಂಬಂಧವಿಲ್ಲ, ಶಾಮಲಳ ಉಬ್ಬಸಕ್ಕೂ ಇಲ್ಲ. ಹಾಗೆ ಯಾರೂ ಅಂದಿಲ್ಲ, ನಾನೇ ಬರೆದಿಡುತ್ತಿದ್ದೇನೆ.

ಮಾರ್ಚ್ ೧೭

ಯುಗಾದಿ. ಒಬ್ಬಟ್ಟು ಚೆನ್ನಾಗಿತ್ತು. ಆದಿ ಮಾಡಿದ್ದು.

ಮಾರ್ಚ್ ೩೦

ಮುನಿರಾಮಪ್ಪನ ಕಾಗದ ಬಂದಿದೆ. ಯಾರ ಕೈಯಲ್ಲೋ ಬರೆಸಿದ್ದಾನೆ, ಕೆಳಗಿನ ಸಹಿ ಅವನದೇ. ಹಬ್ಬದವರೆಗೆ ನಿಮ್ಮ ಕಾಗದಕ್ಕೆ ಕಾದೆ, ಬರಲಿಲ್ಲವಾಗಿ ಪಾಸಾಗಲಿಲ್ಲ ಎಂದು ತಿಳಿದುಕೊಂಡೆ, ತಾಯಿಯ ಮಾತು ಮೀರಲಾಗದೆ ಹಬ್ಬ ಕಳೆದ ಮೂರನೇ ದಿನ ಶ್ರೀನಿವಾಸಪುರದ ಹುಡುಗಿಯನ್ನು ಮಾಡಿಕೊಂಡೆ, ತಪ್ಪಾಗಿದ್ದರೆ ಗುರುಗಳು ಕ್ಷಮಿಸಬೇಕು ಎಂದಿದೆ. ಒಂದು ವಾರವೂ ಹೆಚ್ಚಿಗೆ ಕಾಯಲಾರದೆ ಹೋದ. ಎರಡು ಸಲ ಫೇಲಾದದ್ದು ಸುಮ್ಮನೆ ಅಲ್ಲ.

ಆದಿಗೆ ಹೇಗೆ ತಿಳಿಸುವುದು ಎಂದು ಮಧ್ಯಾಹ್ನವೆಲ್ಲ ಯೋಚಿಸಿದೆ. ನಾವಿಬ್ಬರೂ ದಿನಾ ಕೂರುವ ಅರ್ಧ ಗಂಟೆಯಲ್ಲೇ ಸಮಾಧಾನವಾಗಿ ಓದಿ ಹೇಳುವುದು ಮೇಲೆನಿಸಿತು. ಓದಿದೆ. ಪೂರ್ತಿ ಕೇಳಿದಳು. 'ಭಾರತಿ ಎಲ್ಲಿರ್ತಾಳೆ?' ಎಂದಳು. ಕಾಗದದಲ್ಲಿ ಅದರ ಬಗ್ಗೆ ಏನೂ ಇರಲಿಲ್ಲ, ಅಲ್ಲಿಯೇ ಇರಬೇಕು ಎಂದೆ.

ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕಿದಳು. ಚೀರಾಟವಿಲ್ಲ, ರಂಪವಿಲ್ಲ. ಒಂದು ವರ್ಷದ ಹಿಂದೆ ಇಂಥ ಸುದ್ದಿ ಬಂದಿದ್ದರೆ ಏನಾಗುತ್ತಿತ್ತೋ. ಓದಿನ ಶಕ್ತಿ ಎಂದರೆ ಇದು.

ಏಪ್ರಿಲ್ ೧೩, ಭಾನುವಾರ

ಆದಿಲಕ್ಷ್ಮಿ ಪಾಸಾದಳು. ತೊಂಬತ್ತಾರು.

ನನ್ನ ಸರ್ವೀಸಿನಲ್ಲಿ ಇಷ್ಟು ಅಂಕವನ್ನು ಯಾರಿಗೂ ಕೊಟ್ಟಿಲ್ಲ. ಹತ್ತು ಪ್ರಶ್ನೆಗೂ ಪುಸ್ತಕದಲ್ಲಿದ್ದ ಹಾಗೆ, ಇದ್ದ ಮಾತಿನಲ್ಲೇ ಉತ್ತರ. ತೆಲುಗಿನ ಸುಳಿವಿಲ್ಲ. ವಾದವಿಲ್ಲ. ಮೊದಲೆಲ್ಲ ನೀನು ಎನ್ನುತ್ತಿದ್ದವಳು ಹದಿನೈದು ದಿನದಿಂದ ನನ್ನನ್ನು ನೀವು ಎನ್ನುತ್ತಾಳೆ. ಈ ಕಥೆಯ ಬಗ್ಗೆ ನಿನ್ನ ಅಭಿಪ್ರಾಯವೇನು ಎಂಬುದು ಕೊನೆಯ ಪ್ರಶ್ನೆ. ಮೊದಲಾಗಿದ್ದರೆ ಇಲ್ಲಿ ಏನಾದರೊಂದು ಎಡವಟ್ಟು ಮಾಡಿಕೊಳ್ಳುತ್ತಿದ್ದಳು. ಇವತ್ತು, ತಾವು ಹೇಳಿಕೊಟ್ಟದ್ದೇ ನನ್ನ ಅಭಿಪ್ರಾಯ ಎಂದಳು. ದನಿ ತೀರ ಸಣ್ಣದಾಗಿತ್ತು, ಅದಕ್ಕೆ ನಾಲ್ಕು ಅಂಕ ಕಳೆದೆ.

ಬಹುಮಾನವಾಗಿ ಟ್ರಂಕು ತೆಗೆದು ಮುಂದಿಟ್ಟು, ಬೇಕಾದ್ದನ್ನು ಆರಿಸಿಕೋ ಎಂದೆ. ಕೈ ಹಾಕಲಿಲ್ಲ. ನಿಮಗೆ ಯಾವುದು ಸರಿ ಅನ್ನಿಸುತ್ತದೋ ಅದನ್ನು ಕೊಡಿ ಎಂದಳು. ನೀತಿಕಥೆಗಳ ಸಂಗ್ರಹ ಕೊಟ್ಟೆ. ಮುಂದಿನ ಭಾನುವಾರ ಮುಳಬಾಗಿಲಿನ ಕಾರ್ಯಕ್ರಮಕ್ಕೆ ಅದು ಚೆನ್ನಾಗಿ ಒದಗುತ್ತದೆ.

ರೋಗಿ ಸಂಪೂರ್ಣ ಗುಣಮುಖಳಾಗಿದ್ದಾಳೆ ಎಂದು ಡಾಕ್ಟರಮ್ಮನಿಗೆ ಕಾಗದ ಬರೆದೆ. ಮುನಿರಾಮಪ್ಪನಿಗೂ ಒಂದು ಕಾರ್ಡು ಬರೆದೆ. ಪಾಸಾದ ದಿನ ತಿಳಿಸುತ್ತೇನೆ ಎಂದಿದ್ದೆ, ಕೊಟ್ಟ ಮಾತಿಗೆ ತಪ್ಪಬಾರದು. ನಿನ್ನ ಪತ್ನಿ ತೊಂಬತ್ತಾರು ಅಂಕ ಪಡೆದು ತೇರ್ಗಡೆಯಾಗಿದ್ದಾಳೆ ಎಂದು ದಪ್ಪಕ್ಷರದಲ್ಲಿ ಬರೆದು, ಟಪಾಲು ಡಬ್ಬಿಗೆ ಹಾಕಿ ಬಾ ಎಂದು ಆದಿಯ ಕೈಗೇ ಕೊಟ್ಟೆ. ಸಂತೋಷದ ಸುದ್ದಿ, ಅವಳೇ ಹಾಕಲಿ ಎಂದು.

ಬಾಗಿಲಲ್ಲಿ ನಿಂತು ಓದಿದಳು. ಬೆರಳಿಡಲಿಲ್ಲ, ತುಟಿ ಆಡಿಸಲಿಲ್ಲ, ಈಗ ಅಷ್ಟು ಸಲೀಸಾಗಿ ಓದುತ್ತಾಳೆ. ಹೋಗಿ ಡಬ್ಬಿಗೆ ಹಾಕಿ ಬಂದು, ಹಾಕಿದೆ ಎಂದು ನನಗೆ ಒಪ್ಪಿಸಿ, ರಾಗಿ ಬೀಸಲು ಕುಳಿತಳು.